ಅಗೆಯದೆ ದೊರೆಯುವ ನಿಧಿ

ನಿಧಿಯೆಂಬ ಶಬ್ದವು ಕಿವಿಗೆ ಬಿದ್ದೊಡನೆ ನಮ್ಮ ನಾಡಿನವರಿಗೆ ನೆನಪಾಗುವುದು ಗುದ್ದಲಿ. ಪಾಳುಬಿದ್ದ ಗುಡಿಯ ಗರ್ಭಗೃಹ, ಊರ ಹೊರಗಣ ವೀರಗಲ್ಲು, ಹಳೆಯ ಕೋಟೆಯ ಬುರುಜು, ಇವುಗಳ ಅಡಿಯಲ್ಲಿ ಹೊನ್ನಿನ ಕೊಪ್ಪರಿಗೆಯಿರುವುದೆಂದೂ, ಅದನ್ನು ಸರ್ಪವು ಕಾಯುತ್ತಿರುವುದೆಂದೂ, ಅಂಜನ ಹಾಕಿ ನೋಡಿದವರಿಗೆ ಅದು ಕಾಣಿಸುವುದೆಂದೂ ಅಜ್ಜಿಯರು ಹೇಳುತ್ತಿದ್ದ ಕಥೆಗಳನ್ನು ಕೇಳದೆ ಬೆಳೆದವರು ನಮ್ಮಲ್ಲಿ ವಿರಳ. ಕಥೆಯು ಕಥೆಯಾಗಿಯೇ ಉಳಿದಿದ್ದರೆ ಬಾಧಕವಿರಲಿಲ್ಲ. ಆದರೆ ಅದನ್ನು ನಂಬಿ ಅಮಾವಾಸ್ಯೆಯ ರಾತ್ರಿಯಲ್ಲಿ ಕಲ್ಲು ಕಿತ್ತವರಿಂದ ನಾಡಿಗೆ ಆಗಿರುವ ಹಾನಿಯು ಅಲ್ಪವಲ್ಲ. ೨೦೧೯ನೆಯ ಇಸವಿಯ ಜುಲೈ ತಿಂಗಳಲ್ಲಿ ಆನೆಗೊಂದಿಯ ನವಬೃಂದಾವನ ಕ್ಷೇತ್ರದಲ್ಲಿ ಶ್ರೀ ವ್ಯಾಸರಾಜರ ಬೃಂದಾವನವನ್ನೇ ನಿಧಿಯ ಆಸೆಯಿಂದ ಕೆಡವಿದ ವಾರ್ತೆಯು ವಾಚಕರಲ್ಲಿ ಅನೇಕರ ನೆನಪಿನಲ್ಲಿರಬಹುದು. ಅಲ್ಲಿ ಹೊನ್ನು ದೊರೆಯಲಿಲ್ಲ. ಚದರಿದ ಕಲ್ಲುಗಳು ಮಾತ್ರ ಉಳಿದುವು.

ಈ ಪ್ರಸ್ತಾಪವನ್ನು ಇಲ್ಲಿ ಎತ್ತಿದುದಕ್ಕೆ ಕಾರಣವುಂಟು. ಗುದ್ದಲಿಯನ್ನೇ ಮುಟ್ಟದೆ ನಿಧಿಯನ್ನು ಅರಸುವ, ದೊರೆತುದನ್ನು ಮತ್ತೆ ಅಲ್ಲಿಯೇ ಇಟ್ಟು ಬರುವ ಜನರನ್ನು ನಾವು ಕೆಲಕಾಲದ ಹಿಂದೆ ಕಂಡೆವು. ಮಗನ ಮನೆಯಲ್ಲಿ ಮೂರು ತಿಂಗಳಿರುವುದಕ್ಕೆಂದು ಅಮೆರಿಕದ ಒರೆಗಾನ್ ಸಂಸ್ಥಾನದ ಪೋರ್ಟ್‌ಲೆಂಡ್ ಪಟ್ಟಣಕ್ಕೆ ಹೋಗಿದ್ದಾಗ, ಹತ್ತು ವರ್ಷದ ಮೊಮ್ಮಗನೇ ನಮಗೆ ಈ ವಿದ್ಯೆಯಲ್ಲಿ ಗುರುವಾದನು. ಇದಕ್ಕೆ ಜಿಯೋಕ್ಯಾಷಿಂಗ್ ಎಂದು ಹೆಸರು. ಭೂಮಿಯೆಂಬ ಅರ್ಥದ ಗ್ರೀಕ್ ಶಬ್ದವೂ ಬಚ್ಚಿಟ್ಟ ದಾಸ್ತಾನೆಂಬ ಅರ್ಥದ ಫ್ರೆಂಚ್ ಶಬ್ದವೂ ಕೂಡಿ ಈ ಹೆಸರಾಗಿದೆ.

ದೈವಯೋಗದಿಂದ ನಾವು ಹೋಗಿದ್ದುದು ಈ ವಿನೋದದ ಜನ್ಮಭೂಮಿಗೇ. ಭೂಮಿಯಿಂದ ಸುಮಾರು ೨೦,೦೦೦ ಕಿಲೋಮೀಟರು ಎತ್ತರದಲ್ಲಿ ಅಮೆರಿಕ ಸರ್ಕಾರದ ಕೃತಕ ಉಪಗ್ರಹಗಳು ಸುತ್ತುತ್ತಿರುವುವು. ಅವು ಕಳುಹುವ ಕಾಲಸೂಚನೆಗಳನ್ನು, ಕಡಮೆಯೆಂದರೆ ನಾಲ್ಕು ಉಪಗ್ರಹಗಳಿಂದ, ಗ್ರಹಿಸಿದ ಯಂತ್ರವು ತಾನಿರುವ ಅಕ್ಷಾಂಶ ರೇಖಾಂಶಗಳನ್ನು ಗಣಿಸಿ ಹೇಳಬಲ್ಲುದು. ಇದೇ ಜಿ.ಪಿ.ಎಸ್. ಎಂಬ ವ್ಯವಸ್ಥೆ. ಶತ್ರುಗಳಿಗೆ ಉಪಯೋಗವಾದೀತೆಂಬ ಶಂಕೆಯಿಂದ ಆ ಸರ್ಕಾರವು ಸಾಮಾನ್ಯ ಜನರಿಗೆ ದೊರೆಯುವ ಸೂಚನೆಯಲ್ಲಿ ಬೇಕೆಂದೇ ದೋಷವನ್ನು ಬೆರಸುತ್ತಿತ್ತು. ಅದರಿಂದ ನೂರು ಮೀಟರುಗಳವರೆಗೂ ತಪ್ಪು ಬರುತ್ತಿತ್ತು. ೨೦೦೦ನೆಯ ಇಸವಿ ಮೇ ೧ರ ರಾತ್ರಿ, ಅಧ್ಯಕ್ಷ ಕ್ಲಿಂಟನ್ನರ ಆಜ್ಞೆಯಂತೆ, ಆ ದೋಷವನ್ನು ತೆಗೆದುಹಾಕಿದರು. ಎರಡು ದಿನ ಕಳೆಯುವಷ್ಟರಲ್ಲಿ, ಮೇ ೩ರಂದು, ಡೇವ್ ಅಲ್ಮರ್ ಎಂಬವರು ಪೋರ್ಟ್‌ಲೆಂಡಿಗೆ ಸಮೀಪದ ಬೀವರ್‌ಕ್ರೀಕ್ ಎಂಬಲ್ಲಿ ಕಪ್ಪು ಬಣ್ಣದ ಒಂದು ಬಕೆಟ್ಟನ್ನು ಮರೆಯಾಗಿಟ್ಟು, ಆ ಸ್ಥಳದ ಅಂಕೆಗಳನ್ನು ಲೋಕಕ್ಕೆ ಸಾರಿದರು. ಅದರಲ್ಲಿದ್ದುವು ಕೆಲವು ಪುಸ್ತಕಗಳು, ಒಂದು ಕವಣೆ, ಡಬ್ಬಿಯಲ್ಲಿ ತುಂಬಿದ ಬೇಯಿಸಿದ ಕಾಳು, ಇಂತಹವೇ. ಜೊತೆಗೆ ಹೆಸರು ಬರೆಯುವುದಕ್ಕೆ ಒಂದು ಪುಸ್ತಕ, ಒಂದು ಪೆನ್ಸಿಲ್ಲು. ಏನನ್ನಾದರೂ ತೆಗೆದುಕೊಳ್ಳಿರಿ, ಏನನ್ನಾದರೂ ಇಟ್ಟು ಹೋಗಿರಿ ಎಂಬುದೇ ಅವರು ಹಾಕಿದ ನಿಯಮ. ಮೂರು ದಿನಗಳೊಳಗಾಗಿ ಇಬ್ಬರು ಅದನ್ನು ಕಂಡುಹಿಡಿದರು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಇಂತಹ ಪೆಟ್ಟಿಗೆಗಳ ಪಟ್ಟಿಯೊಂದು ಅಂತರಜಾಲದಲ್ಲಿ ಪ್ರಕಟವಾದಾಗ ಲೋಕದಲ್ಲೆಲ್ಲ ಇದ್ದುವು ೭೫. ಈಗ ೩೦ ಲಕ್ಷಕ್ಕೂ ಮೇಲ್ಪಟ್ಟಿರುವುವು.

ನಾವು ಮೊದಲ ಸಲ ಹೊರಟುದು ಜಿನುಗು ಮಳೆಯ ಒಂದು ಭಾನುವಾರ. ಮೊಮ್ಮಗನ ಕೈಯಲ್ಲಿ ಅವನ ತಂದೆಯ ಮೊಬೈಲು. ಅದರಲ್ಲಿ ಅಂಕೆಗಳು ತೋರುತ್ತಿದ್ದುವು. ಈ ಅಂಕೆಗಳನ್ನು ಕಲೆಯ ಸಾವಿರದಲ್ಲೊಂದು ಭಾಗದವರೆಗೆ ಬರೆಯುವರು. ಅಕ್ಷಾಂಶದಲ್ಲಿ ಅಷ್ಟು ಅಂತರವೆಂದರೆ ನೆಲದ ಮೇಲೆ ಸುಮಾರು ಎರಡು ಗಜ. ಆದರೆ ಯಂತ್ರವು ಅಷ್ಟು ಖಚಿತವಾಗಿ ಹೇಳಲಾರದು. ಮರಗಳ ದಟ್ಟಣೆಯಲ್ಲಂತೂ ಹತ್ತಾರು ಹೆಜ್ಜೆ ತಪ್ಪುವುದು. ಅಲ್ಲಿಂದ ಮುಂದೆ ಮನುಷ್ಯನ ಕಣ್ಣೇ ಗತಿ. ಮುಗಿಲು ಮುಟ್ಟುವ ಡಗ್ಲಸ್ ಫರ್ ವೃಕ್ಷಗಳು, ಮೊಣಕಾಲೆತ್ತರದ ಜರೀಗಿಡಗಳು, ಬಿದ್ದ ಮರದ ಮೇಲೆಲ್ಲ ಪಾಚಿ. ಅರ್ಧ ಗಂಟೆ ಹುಡುಕಿ ಬೇಸತ್ತು ನಾವು ಒಂದು ಕೊರಡಿನ ಮೇಲೆ ಕುಳಿತೆವು. ಹುಡುಗನು ನಮ್ಮ ಕಾಲಿನತ್ತ ನೋಡಿ, “ತಾತ, ಅಲುಗಾಡಬೇಡಿ!” ಎಂದು ಕೂಗಿದನು. ಹಾವೋ ಎಂದು ಬೆದರಿದೆವು. ನಾವು ಕುಳಿತಿದ್ದ ಕೊರಡಿನ ಪೊಟರೆಯಲ್ಲಿಯೇ ಆ ಪೆಟ್ಟಿಗೆಯಿದ್ದಿತು!

ಅದು ಸೇನೆಯವರು ತೋಟೆಗಳನ್ನಿಡಲು ಬಳಸುವಂತಹ ಕಬ್ಬಿಣದ ಪೆಟ್ಟಿಗೆ. ಒಳಗೆ ಗಾಜಿನ ಗೋಲಿ, ಪುಟ್ಟ ರೈಲುಬಂಡಿ, ಯಾವುದೋ ದೇಶದ ನಾಣ್ಯ, ಮತ್ತು ಸಹಿಗಳಿಂದ ತುಂಬಿದ ಪುಸ್ತಕ. ಹುಡುಗನಿಗೆ ರೈಲುಬಂಡಿಯ ಮೇಲೆ ಮನಸ್ಸಾಯಿತು. ಆದರೆ ತೆಗೆದುಕೊಂಡುದಕ್ಕೆ ಸಮನಾದ ಅಥವಾ ಅದಕ್ಕಿಂತ ಮೇಲಾದ ವಸ್ತುವನ್ನು ಇಡಬೇಕಷ್ಟೆ. ಅವನ ಜೇಬಿನಲ್ಲಿದ್ದುದು ನಾವು ಊರಿನಿಂದ ಒಯ್ದುಕೊಟ್ಟ ಚನ್ನಪಟ್ಟಣದ ಅರಗಿನ ಬುಗುರಿ. ಅದನ್ನು ಎರಡು ಸಲ ಹೊರಕ್ಕೆ ತೆಗೆದು ಎರಡು ಸಲ ಒಳಕ್ಕೆ ಹಾಕಿದನು. ಕಡೆಗೆ ಬುಗುರಿಯನ್ನಿಟ್ಟು, ರೈಲುಬಂಡಿಯನ್ನು ತೆಗೆದುಕೊಂಡು, ಪುಸ್ತಕದಲ್ಲಿ ತನ್ನ ಹೆಸರಿನ ಕೆಳಗೆ ನಮ್ಮ ಹೆಸರನ್ನೂ ಕನ್ನಡದಲ್ಲಿ ಬರೆಯಿಸಿದನು.

ಈ ವಿನೋದಕ್ಕೆ ಕಟ್ಟುಪಾಡುಗಳುಂಟು. ನೆಲವನ್ನು ಅಗೆದು ಹೂಳತಕ್ಕದ್ದಲ್ಲ. ಆ ಮೊದಲನೆಯ ಬಕೆಟ್ಟು ಅರೆಪಾಲು ಹೂಳಲ್ಪಟ್ಟಿತ್ತೆಂಬುದು ವಿನೋದವೇ. ಆದರೆ ಮುಂದಿನವರು ಅದು ಕೂಡದೆಂದು ತೀರ್ಮಾನಿಸಿದರು. ಸ್ಥಳದ ಒಡೆಯರ ಅಪ್ಪಣೆಯಿಲ್ಲದೆ ಇಡತಕ್ಕದ್ದಲ್ಲ. ಒಂದು ಪೆಟ್ಟಿಗೆಗೂ ಇನ್ನೊಂದಕ್ಕೂ ೫೨೮ ಅಡಿಗಳ ಅಂತರವಿರಬೇಕು. ತಿನ್ನುವ ಪದಾರ್ಥವನ್ನಿಡಬಾರದು, ಏಕೆಂದರೆ ಕಾಡುಪ್ರಾಣಿಗಳು ಪೆಟ್ಟಿಗೆಯನ್ನು ಒಡೆಯುವುವು. ಹೊಸದಾಗಿ ಇಟ್ಟುದನ್ನು ಸ್ವಯಂಸೇವಕರು ಪರಿಶೀಲಿಸಿದ ಬಳಿಕವೇ ಪಟ್ಟಿಗೆ ಸೇರಿಸುವರು. ೨೦೦೨ರಿಂದೀಚೆಗೆ, ಹುಡುಕುತ್ತ ಹೋದ ದಾರಿಯಲ್ಲಿನ ಕಸವನ್ನು ಹೆಕ್ಕಿ ತರುವ ಪದ್ಧತಿಯೂ ಬೆಳೆದಿದೆ. ಈ ನಿಯಮಗಳು ಅನುಭವದಿಂದ ಹುಟ್ಟಿದಂತಹವು. ೨೦೧೧ರಲ್ಲಿ ಇಂಗ್ಲೆಂಡಿನ ವೆದರ್‌ಬಿ ಎಂಬ ಊರಿನಲ್ಲಿ ಇಂತಹ ಪೆಟ್ಟಿಗೆಯೊಂದನ್ನು ಬಾಂಬೆಂದು ಭ್ರಮಿಸಿ, ಬೀದಿಯನ್ನು ಖಾಲಿಮಾಡಿಸಿ, ಸೈನ್ಯದವರು ಬಂದು ಅದನ್ನು ಸಿಡಿಸಬೇಕಾಯಿತು. ವಿನೋದವು ಪರರಿಗೆ ಭಯವಾಗಬಾರದೆಂಬ ಎಚ್ಚರ ಇದರಿಂದ ಬಲವಾಯಿತು.

ಒಂದು ತಿಂಗಳ ಮೇಲೆ ಹುಡುಗನು ಬುಗುರಿಯನ್ನು ನೋಡಿಬರೋಣವೆಂದನು. ಹೋದೆವು. ಕೊರಡಿತ್ತು, ಪೊಟರೆಯಿತ್ತು, ಪೆಟ್ಟಿಗೆಯಿರಲಿಲ್ಲ. ಯಾರೋ ಒಯ್ದಿದ್ದರು. ಹುಡುಗನ ಕಣ್ಣಿನಲ್ಲಿ ನೀರು ತುಂಬಿತು. ಬುಗುರಿಯ ಬೆಲೆಗಿಂತ, ತಾನು ಮನಸ್ಸು ಗಟ್ಟಿಮಾಡಿಕೊಂಡು ಬಿಟ್ಟುಬಂದುದನ್ನು ಯಾರೋ ಹಾಗೆಯೇ ಎತ್ತಿಕೊಂಡು ಹೋದರೆಂಬುದೇ ಅವನ ದುಃಖ.

ಆ ವಾರ ಈ ಹವ್ಯಾಸದವರ ಕೂಟವೊಂದು ಉದ್ಯಾನದಲ್ಲಿ ಸೇರಿತ್ತು. ಬಡಗಿ, ದಾದಿ, ಕಾಲೇಜಿನ ಹುಡುಗರು, ಗಾಲಿಕುರ್ಚಿಯಲ್ಲಿ ಬಂದ ಒಬ್ಬ ವೃದ್ಧರು, ಹೀಗೆ ಇಪ್ಪತ್ತು ಮಂದಿ. ಪೆಟ್ಟಿಗೆಗಳಿಗೆ ಹುಡುಕುವ ಕಷ್ಟವನ್ನೂ ದಾರಿಯ ಕಷ್ಟವನ್ನೂ ೧ರಿಂದ ೫ರವರೆಗೆ ಅಂಕಗಳಲ್ಲಿ ಸೂಚಿಸುವುದರಿಂದ ನಡೆಯಲಾರದವರಿಗೂ ಇಲ್ಲಿ ಸ್ಥಾನವುಂಟು. ಕಳವಾದ ಪೆಟ್ಟಿಗೆಯನ್ನಿಟ್ಟವರು ಅಲ್ಲಿಯೇ ಇದ್ದರು. ನಮ್ಮಷ್ಟೇ ವಯಸ್ಸಿನ ಒಬ್ಬ ಮಹಿಳೆ. ಹುಡುಗನ ಅಳಲನ್ನು ಕೇಳಿ ಅವರು ತಮ್ಮ ಚೀಲದಿಂದ ಹೊಸ ಪೆಟ್ಟಿಗೆಯನ್ನೂ ಹೊಸ ಪುಸ್ತಕವನ್ನೂ ತೆಗೆದು ತೋರಿಸಿ, ನಾಳೆಯೇ ಅಲ್ಲಿ ಇಡುವೆನೆಂದರು. “ಮತ್ತೆ ಕದ್ದರೆ?” ಎಂದನು ಹುಡುಗ. “ಹಳೆಯ ಪುಸ್ತಕದಲ್ಲಿ ಇನ್ನೂರಕ್ಕಿಂತ ಹೆಚ್ಚು ಹೆಸರುಗಳಿದ್ದುವು, ಮಗು. ಅವರೆಲ್ಲರೂ ಅದನ್ನು ಮುಚ್ಚಿ ಅಲ್ಲಿಯೇ ಇಟ್ಟುಹೋಗಿದ್ದರು. ಒಬ್ಬನಿಗಾಗಿ ಇನ್ನೂರು ಮಂದಿಯನ್ನು ನಾನೇಕೆ ಬಿಡಲಿ?” ಎಂಬುದು ಅವರ ಉತ್ತರ.

ಆ ರಾತ್ರಿ ನಮಗೆ ಎರಡು ಶಬ್ದಗಳ ಚಿಂತನೆಯಾಯಿತು. ನಿಧಿಯೆಂಬುದು ‘ಧಾ’ ಧಾತುವಿಗೆ ‘ನಿ’ ಉಪಸರ್ಗವು ಸೇರಿ ಆದ ಶಬ್ದ, ಇಡಲ್ಪಟ್ಟದ್ದೆಂದು ಅರ್ಥ. ಅಗೆಯುವ ಅರ್ಥವು ಅದರಲ್ಲಿ ಎಲ್ಲಿಯೂ ಇಲ್ಲ. ನಿಕ್ಷೇಪವೆಂಬುದನ್ನು ನಾವು ಈಗ ಹೂತಿಟ್ಟ ಹಣವೆಂದು ತಿಳಿಯುವೆವು. ಆದರೆ ಧರ್ಮಶಾಸ್ತ್ರದಲ್ಲಿ ಅದು ನಂಬಿಗೆಯಿಂದ ಇನ್ನೊಬ್ಬರ ವಶದಲ್ಲಿಟ್ಟ ಒಡವೆ. ಮನುಸ್ಮೃತಿಯು ಎಣಿಸುವ ೧೮ ವ್ಯವಹಾರಪದಗಳಲ್ಲಿ ಸಾಲದ ಅನಂತರ ಎರಡನೆಯದೇ ಇದು. ಒಳಗೇನಿದೆಯೆಂದು ಹೇಳದೆ ಮುಚ್ಚಿದ ಪೆಟ್ಟಿಗೆಯಲ್ಲಿ ಒಪ್ಪಿಸಿದುದಕ್ಕೆ ಉಪನಿಧಿಯೆಂಬ ಬೇರೆ ಹೆಸರೇ ಉಂಟು. ಅದನ್ನು ಪಡೆದವನು ಒಡೆಯನಲ್ಲ, ಕಾಯುವವನು. ಒರೆಗಾನಿನ ಕೊರಡಿನಲ್ಲಿದ್ದುದು ಇಂತಹ ಉಪನಿಧಿ. ಅದನ್ನು ಕಂಡವರೆಲ್ಲರೂ ಒಂದು ಗಳಿಗೆ ಅದರ ಕಾವಲುಗಾರರು.

ಪುಣ್ಯಕ್ಷೇತ್ರಕ್ಕೂ ಆಟದ ಪೆಟ್ಟಿಗೆಗೂ ಹೋಲಿಕೆ ಸಲ್ಲದು. ಆದರೂ ಆನೆಗೊಂದಿಯಲ್ಲಿ ಕೆಡವಿದವರ ಬಗೆಗೆ ಮರುಗುತ್ತ ಕುಳಿತಿರದೆ, ಭಕ್ತಜನರು ಕೂಡಿ ಆ ಬೃಂದಾವನವನ್ನು ಒಡನೆಯೇ ಮರಳಿ ಕಟ್ಟಿದರೆಂಬುದು ಆಗ ನಮ್ಮ ನೆನಪಿಗೆ ಬಂದಿತು. ನಮ್ಮ ಊರೂರಿನ ವೀರಗಲ್ಲು, ಶಾಸನ, ಪಾಳುಗುಡಿಗಳೂ ಹಿರಿಯರು ನಮ್ಮಲ್ಲಿಟ್ಟ ನಿಕ್ಷೇಪಗಳೇ ಅಲ್ಲವೇ? ಅವುಗಳ ಅಡಿಯಲ್ಲಿ ಏನಿದೆಯೆಂದು ಕೇಳುವುದಕ್ಕಿಂತ ಮೇಲೆ ಏನು ಬರೆದಿದೆಯೆಂದು ಕೇಳುವ ಮಕ್ಕಳು ನಮ್ಮ ಮನೆಗಳಲ್ಲಿ ಬೆಳೆಯಬೇಕು.

ಈ ವಿನೋದವನ್ನು ಆರಂಭಿಸುವುದಕ್ಕೆ ಯಂತ್ರವೂ ಬೇಕಾಗಿಲ್ಲ. ತಾಯಂದಿರು ರಜೆಯ ದಿನ ಹಿತ್ತಿಲಲ್ಲಿಯೋ ಸ್ವಂತ ತೋಟದಲ್ಲಿಯೋ ಒಂದು ಡಬ್ಬಿಯನ್ನು ಮರೆಯಾಗಿಟ್ಟು, ದಿಕ್ಕನ್ನೂ ಹೆಜ್ಜೆಗಳ ಲೆಕ್ಕವನ್ನೂ ಚೀಟಿಯಲ್ಲಿ ಬರೆದುಕೊಟ್ಟರೆ ಸಾಕು. ಕಂಡವರು ಒಂದನ್ನು ತೆಗೆದುಕೊಂಡು ಒಂದನ್ನಿಟ್ಟು, ಹೆಸರು ಬರೆದು, ಮುಚ್ಚಳವನ್ನು ಭದ್ರವಾಗಿ ಮುಚ್ಚಿ ಬರಲಿ. ನಾವು ಊರಿಗೆ ಮರಳುವ ಮುನ್ನಾದಿನ ಮೊಮ್ಮಗನು ನಮ್ಮನ್ನು ಮತ್ತೊಮ್ಮೆ ಆ ಕೊರಡಿನ ಬಳಿಗೆ ಕರೆದೊಯ್ದನು. ಹೊಸ ಪೆಟ್ಟಿಗೆಯು ಅಲ್ಲಿದ್ದಿತು. ತಾನು ಹಿಂದೆ ತೆಗೆದುಕೊಂಡ ರೈಲುಬಂಡಿಯನ್ನು ಅವನು ಅದರೊಳಗಿಟ್ಟನು. ಪ್ರತಿಯಾಗಿ ಏನನ್ನೂ ತೆಗೆದುಕೊಳ್ಳಲಿಲ್ಲ.