ಒಂದೇ ಮತದಿಂದ ಗೆದ್ದ ಅಧ್ಯಕ್ಷ

ಅಮೆರಿಕದ ಚುನಾವಣೆಯ ವಾರ್ತೆ ಕೇಳುವಾಗ, ಜನರ ಮತ ಹೆಚ್ಚು ಪಡೆದವರು ಸೋತು ಕಡಮೆ ಪಡೆದವರು ಗೆದ್ದರೆಂಬ ಮಾತು ಕಿವಿಗೆ ಬಿದ್ದು ನೀವು ಬೆರಗಾಗಿರಬಹುದು. 2000ದಲ್ಲಿ ಹೀಗಾಯಿತು; 2016ರಲ್ಲಿಯೂ ಆಯಿತು. ಅಲ್ಲಿಯ ಜನ ಅಧ್ಯಕ್ಷರನ್ನು ನೇರವಾಗಿ ಆರಿಸುವುದಿಲ್ಲ. ಒಂದೊಂದು ಸಂಸ್ಥಾನಕ್ಕೂ ಇಷ್ಟು ಮಂದಿ ನಿರ್ವಾಚಕರೆಂದು ಗೊತ್ತುಮಾಡಿದೆ. ಜನ ಆರಿಸುವುದು ಇವರನ್ನು. ಇವರು ಆರಿಸುವುದು ಅಧ್ಯಕ್ಷರನ್ನು. ಬಹುಮಟ್ಟಿಗೆ ಎಲ್ಲ ಸಂಸ್ಥಾನಗಳಲ್ಲಿಯೂ ಕೂದಲೆಳೆಯಷ್ಟು ಮುಂದಾದವರಿಗೇ ಅಲ್ಲಿಯ ನಿರ್ವಾಚಕರೆಲ್ಲರೂ ಸಲ್ಲುತ್ತಾರೆ. ಈ ಪದ್ಧತಿ ದೇಶವನ್ನು ಎಂಥ ಇಕ್ಕಟ್ಟಿಗೆ ತರಬಲ್ಲುದೆಂಬುದಕ್ಕೆ 1876ರ ಚುನಾವಣೆಗಿಂತ ಒಳ್ಳೆಯ ನಿದರ್ಶನ ಬೇಕಿಲ್ಲ.

ಅಂತರ್ಯುದ್ಧ ಮುಗಿದು ಆಗ 11 ವರ್ಷ. ಗುಲಾಮಗಿರಿ ಅಳಿದಿತ್ತು. 1870ರ ಸಂವಿಧಾನ ತಿದ್ದುಪಡಿಯಿಂದ ಕಪ್ಪುಜನಾಂಗದ ಗಂಡಸರಿಗೆ ಮತದ ಹಕ್ಕು ದೊರೆತಿತ್ತು. ಹಕ್ಕೇನೋ ಕಾಗದದ ಮೇಲಿತ್ತು. ದಕ್ಷಿಣದಲ್ಲಿ ಅದಕ್ಕೆ ಕಾವಲಾಗಿದ್ದುದು ಕೇಂದ್ರ ಸರ್ಕಾರದ ಸೈನ್ಯ.

ರಿಪಬ್ಲಿಕನ್ ಪಕ್ಷದಿಂದ ನಿಂತವರು ಒಹಾಯೋದ ಗವರ್ನರ್ ರುದರ್‌ಫರ್ಡ್ ಹೇಯ್ಸ್. ಡೆಮೊಕ್ರಾಟರ ಪರವಾಗಿ ನ್ಯೂಯಾರ್ಕಿನ ಗವರ್ನರ್ ಸ್ಯಾಮ್ಯುಯಲ್ ಟಿಲ್ಡನ್. ನವೆಂಬರ್ 7ರ ರಾತ್ರಿ ಹೇಯ್ಸರು ತಾವು ಸೋತೆವೆಂದೇ ಹಾಸಿಗೆ ಸೇರಿದರು. ಟಿಲ್ಡನ್ನರಿಗೆ ಜನರ ಮತ ಸುಮಾರು ಎರಡೂವರೆ ಲಕ್ಷ ಹೆಚ್ಚು ಬಂದಿತ್ತು. ನಿರ್ವಾಚಕರ ಒಟ್ಟು ಸಂಖ್ಯೆ 369. ಗೆಲ್ಲಲು 185 ಬೇಕು. ಟಿಲ್ಡನ್ನರಿಗೆ 184, ಹೇಯ್ಸರಿಗೆ 165. ಉಳಿದ 20 ತಕರಾರಿನಲ್ಲಿ ಸಿಕ್ಕಿಕೊಂಡವು: ಲೂಸಿಯಾನದ 8, ಸೌತ್ ಕ್ಯಾರೊಲಿನದ 7, ಫ್ಲಾರಿಡದ 4, ಆರಿಗನ್ನಿನ 1. ಟಿಲ್ಡನ್ನರಿಗೆ ಬೇಕಾದದ್ದು ಇವುಗಳಲ್ಲಿ ಒಂದು. ಹೇಯ್ಸರಿಗೆ ಇಪ್ಪತ್ತಕ್ಕೆ ಇಪ್ಪತ್ತೂ!

ದಕ್ಷಿಣದ ಆ ಮೂರು ಸಂಸ್ಥಾನಗಳಲ್ಲಿ ಯಾರ ಕೈಯೂ ಶುದ್ಧವಾಗಿರಲಿಲ್ಲ. ಕಪ್ಪುಜನಾಂಗದ ಮತದಾರರನ್ನು ಬೆದರಿಸಿದ್ದರು, ಕೊಂದೂ ಇದ್ದರು. ಓಟಿನ ಚೀಟಿಯನ್ನು ಆಗ ಪಕ್ಷಗಳೇ ಅಚ್ಚುಹಾಕಿಸುತ್ತಿದ್ದವು. ಓದುಬಾರದವರನ್ನು ಮೋಸಪಡಿಸಲು ಡೆಮೊಕ್ರಾಟರ ಕೆಲವು ಚೀಟಿಗಳ ಮೇಲೆ ಲಿಂಕನ್ನರ ಚಿತ್ರವಿತ್ತು. ಇತ್ತ ಮತಗಳನ್ನು ಪರಿಶೀಲಿಸುವ ಮಂಡಲಿಗಳು ರಿಪಬ್ಲಿಕನ್ನರ ಕೈಯಲ್ಲಿದ್ದವು. ಅವರು ಡೆಮೊಕ್ರಾಟರ ಮತಗಳನ್ನು ಸಾವಿರಗಟ್ಟಲೆ ತಳ್ಳಿಹಾಕಿದರು. ಕೊನೆಗೆ ಒಂದೊಂದು ಸಂಸ್ಥಾನದಿಂದಲೂ ಒಂದಕ್ಕೊಂದು ವಿರುದ್ಧವಾದ ದೃಢಪತ್ರಗಳು ರಾಜಧಾನಿಗೆ ಬಂದವು.

ಯಾವುದನ್ನು ಎಣಿಸಬೇಕು? ಸೆನೆಟಿನ ಅಧ್ಯಕ್ಷರು ಉಭಯ ಸಭೆಗಳ ಎದುರಿಗೆ ಪತ್ರಗಳನ್ನು ತೆರೆಯತಕ್ಕದ್ದು, ಬಳಿಕ ಮತಗಳು ಎಣಿಸಲ್ಪಡತಕ್ಕದ್ದು ಎಂದು ಸಂವಿಧಾನ ಹೇಳುತ್ತದೆ. ಯಾರಿಂದ ಎಣಿಸಲ್ಪಡಬೇಕೆಂಬುದನ್ನು ಹೇಳಿಲ್ಲ. ವ್ಯಾಕರಣದ ಕರ್ಮಣಿ ಪ್ರಯೋಗ ಇಷ್ಟು ದೊಡ್ಡ ರಗಳೆಗೆ ಕಾರಣವಾದದ್ದು ಅಪರೂಪವೇ ಸರಿ.

1877ರ ಜನವರಿಯಲ್ಲಿ ಕಾಂಗ್ರೆಸ್ಸು 15 ಜನರ ಆಯೋಗವೊಂದನ್ನು ನೇಮಿಸಿತು: ಸೆನೆಟಿನಿಂದ 5, ಪ್ರತಿನಿಧಿ ಸಭೆಯಿಂದ 5, ಸರ್ವೋಚ್ಚ ನ್ಯಾಯಾಲಯದಿಂದ 5. ಪಕ್ಷಕ್ಕೆ ಏಳೇಳು ಮಂದಿಯಾಗಿ, ಹದಿನೈದನೆಯವರು ಯಾವ ಪಕ್ಷಕ್ಕೂ ಸೇರದ ನ್ಯಾಯಮೂರ್ತಿ ಡೇವಿಡ್ ಡೇವಿಸ್ ಆಗಬೇಕೆಂದು ಎಣಿಕೆ. ಅಷ್ಟರಲ್ಲಿ ಇಲಿನಾಯ್ ಶಾಸನಸಭೆ ಡೇವಿಸರನ್ನು ಸೆನೆಟಿಗೆ ಆರಿಸಿಬಿಟ್ಟಿತು; ಅವರು ಆಯೋಗಕ್ಕೆ ಬರಲೊಲ್ಲೆನೆಂದರು. ಅವರ ಸ್ಥಾನಕ್ಕೆ ಬಂದ ಜೋಸೆಫ್ ಬ್ರ್ಯಾಡ್ಲಿ ರಿಪಬ್ಲಿಕನ್ನರು. ಮುಂದೆ ತಕರಾರಿನ ನಾಲ್ಕು ಸಂಸ್ಥಾನಗಳ ವಿಷಯದಲ್ಲಿಯೂ 8ಕ್ಕೆ 7ರಂತೆ ತೀರ್ಪಾಯಿತು. ಮಾರ್ಚ್ 2ರಂದು, ಹೊಸ ಅಧ್ಯಕ್ಷರು ಅಧಿಕಾರ ವಹಿಸಲು ಎರಡೇ ದಿನವಿರುವಾಗ, ಫಲಿತಾಂಶ ಹೊರಬಿತ್ತು: ಹೇಯ್ಸ್ 185, ಟಿಲ್ಡನ್ 184.

ಎಣಿಕೆಯ ಕ್ರಮವನ್ನು ಕಾಂಗ್ರೆಸ್ಸು 1887ರ ಕಾಯಿದೆಯಿಂದ ಬಿಗಿಮಾಡಿತು. ಅದೂ ಸಾಲದೆ, 2021ರ ಜನವರಿ 6ರಂದು ಎಣಿಕೆಯ ಹೊತ್ತಿನಲ್ಲಿಯೇ ಸಂಸತ್ ಭವನಕ್ಕೆ ಜನ ನುಗ್ಗಿದ ಮೇಲೆ, 2022ರಲ್ಲಿ ಮತ್ತೆ ತಿದ್ದಿತು.

ಆದರೆ ನಿಜವಾಗಿ ಸೋತವರು ಟಿಲ್ಡನ್ನರಲ್ಲ. ಡೆಮೊಕ್ರಾಟರು ಈ ಫಲಿತಾಂಶಕ್ಕೆ ತಲೆಬಾಗುವ ಮುನ್ನ ಒಳಒಪ್ಪಂದ ಮಾಡಿಕೊಂಡಿದ್ದರೇ ಎಂಬ ಬಗ್ಗೆ ಇತಿಹಾಸಕಾರರಲ್ಲಿ ಒಮ್ಮತವಿಲ್ಲ. ನಡೆದದ್ದಂತೂ ಇಷ್ಟು: ಆ ಏಪ್ರಿಲಿನಲ್ಲಿ ಸೌತ್ ಕ್ಯಾರೊಲಿನ, ಲೂಸಿಯಾನಗಳ ಸರ್ಕಾರಗಳಿಗಿದ್ದ ಸೈನ್ಯದ ಕಾವಲನ್ನು ಹೇಯ್ಸರು ತೆಗೆದರು. ಎರಡೂ ಕಡೆ ಅಧಿಕಾರ ಡೆಮೊಕ್ರಾಟರ ಪಾಲಾಯಿತು. ಕ್ರಮೇಣ ದಕ್ಷಿಣದ ಸಂಸ್ಥಾನಗಳು ಮತಕ್ಕೆ ತಲೆಗಂದಾಯವೆಂದವು, ಅಕ್ಷರಪರೀಕ್ಷೆಯೆಂದವು. ಕಪ್ಪುಜನರ ಹೆಸರುಗಳು ಮತದಾರರ ಪಟ್ಟಿಯಿಂದ ಬಹುಪಾಲು ಮಾಯವಾದವು. ಅವರ ಮತವನ್ನು ಕಾಯಲು ಕೇಂದ್ರ ಸರ್ಕಾರ ಮತ್ತೆ ಬಲವಾದ ಕಾಯಿದೆ ತಂದದ್ದು 1965ರಲ್ಲಿ.