ತಾರಸಿಗೇರಿದ ಹಂಡೆ

ನರಕ ಚತುರ್ದಶಿಯ ಹಿಂದಿನ ಸಂಜೆ ನಮ್ಮ ನಾಡಿನ ಮನೆಗಳಲ್ಲಿ ನೀರು ತುಂಬುವ ಹಬ್ಬ ನಡೆಯುತ್ತದೆ. ಬಚ್ಚಲುಮನೆಯ ತಾಮ್ರದ ಹಂಡೆಯನ್ನು ಹುಣಸೆಹಣ್ಣು, ಬೂದಿಗಳಿಂದ ತಿಕ್ಕಿ ಬೆಳಗಿ, ಒಲೆಯ ಬೂದಿ ತೆಗೆದು, ಹೊಗೆಗಂಡಿಯ ಮಸಿ ಗುಡಿಸಿ, ಸುಣ್ಣ ಕೆಮ್ಮಣ್ಣಿನ ಗೆರೆಗಳನ್ನೆಳೆದು, ಹೊಸ ನೀರು ತುಂಬಿ ಪೂಜಿಸುವುದು ವಾಡಿಕೆ. ಮರುದಿನ ಅಭ್ಯಂಜನ. ಇದನ್ನು ಬರಿಯ ಆಚರಣೆಯೆಂದು ತಿಳಿದವರು ಬಹಳ. ಆದರೆ ಮಳೆಗಾಲ ಕಳೆದು ಚಳಿ ಕಾಲಿಡುವ ಹೊತ್ತಿಗೆ ಸರಿಯಾಗಿ, ಮನೆಯ ನೀರು ಕಾಯಿಸುವ ಏರ್ಪಾಡನ್ನು ಒಮ್ಮೆ ಬಿಚ್ಚಿ, ತೊಳೆದು, ಪರೀಕ್ಷಿಸಿ ಮುಂದಿನ ನಾಲ್ಕು ತಿಂಗಳಿಗೆ ಅಣಿಗೊಳಿಸುವ ವಾರ್ಷಿಕ ದುರಸ್ತಿಯ ಕೆಲಸವೇ ಇದರ ಒಳಗಿನ ತಿರುಳು. ಹುಣಸೆಯ ಹುಳಿಯು ತಾಮ್ರದ ಕಿಲುಬನ್ನೂ ನೀರಿನ ಸುಣ್ಣದ ಪೊರೆಯನ್ನೂ ಕರಗಿಸುವ ಆಮ್ಲವೆಂಬುದನ್ನು ನಮ್ಮ ಅಜ್ಜಿಯರಿಗೆ ಯಾವ ಪಾಠಶಾಲೆಯೂ ಹೇಳಿಕೊಟ್ಟಿರಲಿಲ್ಲ.

ಇಂದು ಆ ಹಂಡೆ ತಾರಸಿಗೆ ಏರಿದೆ. ಬನಶಂಕರಿ ಮೂರನೆಯ ಹಂತ, ಕತ್ತರಿಗುಪ್ಪೆ, ಹೊಸಕೆರೆಹಳ್ಳಿಗಳ ನಡುವೆ ಹಬ್ಬಿರುವ ಇಟ್ಟಮಡುವಿನ ಯಾವುದೇ ಮನೆಯ ಮಹಡಿಯ ಮೇಲೆ ನಿಂತು ಸುತ್ತ ನೋಡಿದರೆ ಕಪ್ಪು ನೀರಿನ ಟ್ಯಾಂಕುಗಳೂ ಅವುಗಳ ಪಕ್ಕದಲ್ಲಿ ದಕ್ಷಿಣಕ್ಕೆ ಮುಖ ಮಾಡಿ ಓರೆಯಾಗಿ ನಿಂತ ಸೋಲಾರ್ ಹೀಟರುಗಳೂ ಸಾಲುಸಾಲಾಗಿ ಕಾಣುತ್ತವೆ. ಹೊಲಗದ್ದೆಗಳಿದ್ದ ಹಳ್ಳಿಯು ನಗರದೊಳಗೆ ಕರಗಿ, ಚಿಕ್ಕ ನಿವೇಶನಗಳಲ್ಲಿ ಎರಡು ಮೂರು ಅಂತಸ್ತುಗಳೆದ್ದು, ಕೆಳಗೆ ಮಾಲೀಕರು ಮೇಲೆ ಬಾಡಿಗೆಯವರು ಎಂಬ ವ್ಯವಸ್ಥೆ ನೆಲೆಗೊಂಡ ಬಡಾವಣೆ ಇದು. ರಾಜ್ಯ ಸರ್ಕಾರವು 2007ರಲ್ಲಿ ನಗರಗಳ ಹೊಸ ಕಟ್ಟಡಗಳಿಗೆ ಸೌರ ಜಲತಾಪಕವನ್ನು ಕಡ್ಡಾಯಗೊಳಿಸಿತು. ಹೀಗೆ ಹಾಕಿಸಿಕೊಂಡವರಲ್ಲಿ ಎಷ್ಟು ಮಂದಿ ಒಮ್ಮೆ ಕೂರಿಸಿದ ಮೇಲೆ ಅದರ ಕಡೆ ತಿರುಗಿ ನೋಡಿದ್ದಾರೆ ಎಂದು ಕೇಳಿದರೆ ಉತ್ತರ ಸಮಾಧಾನಕರವಾಗಿರಲಾರದು. ಹಂಡೆ ಕಣ್ಣೆದುರು ಇತ್ತು. ಅದಕ್ಕೊಂದು ಹಬ್ಬವೂ ಇತ್ತು. ಸೋಲಾರಿಗೆ ಎರಡೂ ಇಲ್ಲ.

ಈ ಯಂತ್ರದ ದೊಡ್ಡ ಶತ್ರು ಮೋಡವಲ್ಲ, ನೀರು. ಕಾವೇರಿ ನೀರು ಬಾರದ ದಿನ ಕೊಳವೆಬಾವಿ, ಅದೂ ಬತ್ತಿದರೆ ಟ್ಯಾಂಕರು ಎಂಬುದು ದಕ್ಷಿಣ ಬೆಂಗಳೂರಿನ ಬಹುಪಾಲು ಮನೆಗಳ ಕಥೆ. 2024ರ ಬೇಸಿಗೆಯ ಬರದಲ್ಲಿ ಟ್ಯಾಂಕರಿನ ಮೊರೆಹೋಗದ ಬೀದಿಯೇ ವಿರಳವಾಗಿತ್ತು. ಬಂಡೆಗಳ ಸಂದಿಯಿಂದ ಆಳವಾಗಿ ಎತ್ತಿದ ನೀರಿನಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳು ಹೆಚ್ಚು. ಕುಡಿಯುವ ನೀರಿನ ಭಾರತೀಯ ಮಾನಕದಂತೆ ಗಡಸುತನವು ಲೀಟರಿಗೆ 200 ಮಿಲಿಗ್ರಾಂ ಮೀರಬಾರದು. ಬೇರೆ ಜಲಮೂಲವೇ ಇಲ್ಲದಿದ್ದಲ್ಲಿ 600ರವರೆಗೆ ಸಹಿಸಬಹುದು. ಇಂಥ ನೀರನ್ನು ಕಾಯಿಸಿದಾಗ ಕರಗಿದ್ದ ಬೈಕಾರ್ಬೊನೇಟು ಒಡೆದು ಕರಗದ ಸುಣ್ಣದ ಕಲ್ಲಾಗಿ ಪಾತ್ರೆಯ ಗೋಡೆಗೆ ಅಂಟುತ್ತದೆ. ನೀರು ಬಿಸಿಯಾದಷ್ಟೂ ಕಲ್ಲು ಬೇಗ ಕಟ್ಟುತ್ತದೆ. ಸ್ಟೀಲ್ ಪಾತ್ರೆಯ ತಳದಲ್ಲಿ ಕಾಣುವ ಬಿಳಿಯ ಹೆಕ್ಕಳಿಕೆ ಇದೇ. ಮಹಡಿಯ ಮೇಲೆ ಅದು ಯಾರ ಕಣ್ಣಿಗೂ ಬೀಳದೆ ವರ್ಷಗಟ್ಟಲೆ ಬೆಳೆಯುತ್ತದೆ.

ಸೋಲಾರಿನಲ್ಲಿ ಎರಡು ಜಾತಿ. ಹಳೆಯ ಬಗೆಯದು ಗಾಜು ಹೊದಿಸಿದ ಚಪ್ಪಟೆ ಪೆಟ್ಟಿಗೆ. ಅದರೊಳಗೆ ಕಪ್ಪು ಹಾಳೆಗೆ ಬೆಸೆದ ತಾಮ್ರದ ಸಣ್ಣ ಕೊಳವೆಗಳು. ಇನ್ನೊಂದು ಎರಡು ಪದರದ ಗಾಜಿನ ನಳಿಕೆಗಳದು. ಪದರಗಳ ನಡುವೆ ನಿರ್ವಾತ. ಎರಡರಲ್ಲೂ ಪಂಪಿಲ್ಲ. ಕಾದ ನೀರು ಹಗುರವಾಗಿ ಮೇಲಿನ ತೊಟ್ಟಿಗೆ ಏರುತ್ತದೆ, ತಣ್ಣೀರು ಭಾರದಿಂದ ಕೆಳಗಿಳಿಯುತ್ತದೆ. ಹಗಲೆಲ್ಲ ಈ ಸುತ್ತಾಟ ತಾನಾಗಿಯೇ ನಡೆಯುತ್ತದೆ. ಇಷ್ಟು ಮೃದುವಾದ ಚಲನೆಗೆ ಸಣ್ಣ ಅಡ್ಡಿಯೂ ದೊಡ್ಡದೇ. ತಾಮ್ರದ ಕೊಳವೆಯೊಳಗೆ ಸುಣ್ಣ ಕಟ್ಟಿದರೆ ನೀರು ಹರಿಯುವ ದಾರಿ ಕಿರಿದಾಗುತ್ತದೆ. ಫಲಕ ಸುಡುತ್ತಿರುತ್ತದೆ, ತೊಟ್ಟಿಯ ನೀರು ಮಾತ್ರ ಉಗುರುಬೆಚ್ಚಗೆ. ಗಾಜಿನ ನಳಿಕೆಯಲ್ಲಿ ಬುಡ ಮುಚ್ಚಿರುವುದರಿಂದ ಮಣ್ಣು, ಸುಣ್ಣದ ಚೂರು ಎಲ್ಲವೂ ಇಳಿದು ಅಲ್ಲಿಯೇ ನೆಲೆನಿಲ್ಲುತ್ತವೆ. "ಸೋಲಾರು ಹಾಳಾಯಿತು, ಹೊಸದು ಹಾಕಿಸಬೇಕು" ಎಂಬ ದೂರುಗಳಲ್ಲಿ ಹಲವು ಒಂದು ತೊಳೆತದಿಂದ ಪರಿಹಾರವಾಗತಕ್ಕವು.

ಆದುದರಿಂದ ಅಕ್ಟೋಬರ್ ಕೊನೆಯಲ್ಲಿ, ಮಳೆ ಹಿಂದೆಗೆದ ಮೇಲೆ, ವರ್ಷಕ್ಕೊಮ್ಮೆ ತೊಟ್ಟಿಯನ್ನು ಪೂರ್ತಿ ಖಾಲಿ ಮಾಡಿಸಬೇಕು. ಕೊಳವೆಬಾವಿಯ ನೀರನ್ನೇ ನೆಚ್ಚಿದ ಮನೆಯಾದರೆ ಆರು ತಿಂಗಳಿಗೊಮ್ಮೆ. ಗಾಜಿನ ನಳಿಕೆಗಳನ್ನು ಒಂದೊಂದಾಗಿ ಬಿಡಿಸಿ ಒಳಗಿನ ಕೆಸರು ತೊಳೆಯುವುದು, ರಬ್ಬರ್ ಉಂಗುರಗಳು ಬಿರಿತಿದ್ದರೆ ಬದಲಿಸುವುದು ಬಲ್ಲವರ ಕೆಲಸ. ತಾಮ್ರದ ಫಲಕವಾದರೆ ಸಿಟ್ರಿಕ್ ಆಮ್ಲದಂಥ ಮೆದು ಆಮ್ಲವನ್ನು ಹರಿಸಿ ಸುಣ್ಣವನ್ನು ಕರಗಿಸುತ್ತಾರೆ; ನಿಂಬೆಯ ಹುಳಿಯೂ ಅದೇ. ಬೇಗ ಮುಗಿಸುವ ಆತುರದಲ್ಲಿ ನೆಲ ತೊಳೆಯುವ ಕಟು ಆಸಿಡ್ಡನ್ನು ಸುರಿಯುವವರುಂಟು. ಅದು ಸುಣ್ಣದ ಜೊತೆಗೆ ಲೋಹವನ್ನೂ ತಿನ್ನುತ್ತದೆ. ಅಂಥವರನ್ನು ಮಹಡಿ ಹತ್ತಲು ಬಿಡದಿರುವುದೇ ಲೇಸು.

ನಳಿಕೆಗಳ ಬುಡದಲ್ಲಿ ಕನ್ನಡಿಯಂತೆ ಹೊಳೆಯುವ ಬೆಳ್ಳಿಬಣ್ಣದ ಭಾಗವೊಂದಿರುತ್ತದೆ. ಅದು ಹಾಲಿನಂತೆ ಬೆಳ್ಳಗಾಗಿದ್ದರೆ ಆ ನಳಿಕೆಯ ನಿರ್ವಾತ ಹೋಗಿದೆ ಎಂದರ್ಥ. ಒಡೆಯದಿದ್ದರೂ ಅದು ಶಾಖ ಹಿಡಿದಿಡಲಾರದು. ಇದನ್ನು ನೋಡಲು ಯಾವ ತಂತ್ರಜ್ಞನೂ ಬೇಡ, ಮನೆಯ ಮಕ್ಕಳೇ ಎಣಿಸಿ ಹೇಳಬಲ್ಲರು. ಗಾಜಿನ ಮೇಲಿನ ಧೂಳನ್ನು ತೊಳೆಯುವುದಾದರೆ ಸೂರ್ಯೋದಯಕ್ಕೆ ಮುನ್ನ. ನಡುಹಗಲಿನಲ್ಲಿ ಕಾದ ಗಾಜಿನ ಮೇಲೆ ತಣ್ಣೀರೆರಚಿದರೂ, ನೀರಿಲ್ಲದೆ ಒಣಗಿ ಕಾದ ನಳಿಕೆಗೆ ಒಮ್ಮೆಲೆ ನೀರು ಬಿಟ್ಟರೂ ಅದು ಸಿಡಿಯಬಹುದು. ಟ್ಯಾಂಕರಿಗೆ ಕಾದು ಕುಳಿತು ಮಧ್ಯಾಹ್ನ ಎರಡಕ್ಕೆ ನೀರು ಬಂದ ಸಂಭ್ರಮದಲ್ಲಿ ಪಂಪು ಹಾಕುವ ಮನೆಗಳು ಇದನ್ನು ನೆನಪಿಡಬೇಕು: ಸೋಲಾರಿಗೆ ಹೋಗುವ ಕೀಲನ್ನು ಮುಚ್ಚಿಟ್ಟು, ಸಂಜೆ ನಳಿಕೆ ತಣಿದ ಮೇಲೆ ತೆರೆಯಿರಿ.

ಇನ್ನೊಂದು ತೊಂದರೆ ಪಕ್ಕದ ನಿವೇಶನದಿಂದ ಬರುತ್ತದೆ. ಬೆಂಗಳೂರು ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಜೂನ್ ತಿಂಗಳಲ್ಲಿ ನಡುಹಗಲಿನ ಸೂರ್ಯ ನೆತ್ತಿಯನ್ನು ದಾಟಿ ಕೊಂಚ ಉತ್ತರಕ್ಕೇ ಇರುತ್ತಾನೆ. ಡಿಸೆಂಬರ್ 22ರ ಸುಮಾರಿಗೆ ದಕ್ಷಿಣಕ್ಕೆ ವಾಲಿ ಕ್ಷಿತಿಜದಿಂದ ಸುಮಾರು 53 ಡಿಗ್ರಿ ಎತ್ತರದಲ್ಲಿ ನಿಲ್ಲುತ್ತಾನೆ. ದಕ್ಷಿಣದ ಮನೆಯವರು ಒಂದು ಅಂತಸ್ತು ಏರಿಸಿ 10 ಅಡಿ ಗೋಡೆ ಎತ್ತಿದರೆ ಆ ದಿನಗಳ ಮಧ್ಯಾಹ್ನವೂ ಏಳೂವರೆ ಅಡಿ ನೆರಳು ನಿಮ್ಮ ತಾರಸಿಗೆ ಬೀಳುತ್ತದೆ. ಬೆಳಗ್ಗೆ ಸಂಜೆ ಇನ್ನೂ ಉದ್ದ. ಬಿಸಿನೀರು ಬೇಕಾದ ತಿಂಗಳಲ್ಲೇ ಬಿಸಿಲು ಕಳೆದುಹೋಯಿತೆಂದು ಯಂತ್ರವನ್ನು ಶಪಿಸಿ ಪ್ರಯೋಜನವಿಲ್ಲ. ಫಲಕವನ್ನು ಉತ್ತರದ ಅಂಚಿಗೆ ಸರಿಸಬೇಕು, ಇಲ್ಲವೆ ಎತ್ತರಿಸಬೇಕು. ಎತ್ತರಿಸುವಾಗ ತಣ್ಣೀರಿನ ಟ್ಯಾಂಕು ಸೋಲಾರ್ ತೊಟ್ಟಿಗಿಂತಲೂ ಮೇಲಿರಬೇಕೆಂಬುದನ್ನು ಮರೆಯಬಾರದು.

ಇಷ್ಟೆಲ್ಲ ಉಸಾಬರಿ ಏಕೆ, ಗೀಸರಿನ ಗುಂಡಿ ಒತ್ತಿದರೆ ಸಾಲದೆ ಎನ್ನುವವರಿಗೆ ಒಂದು ಲೆಕ್ಕ. 25 ಲೀಟರ್ ನೀರನ್ನು 35 ಡಿಗ್ರಿಯಷ್ಟು ಬಿಸಿ ಮಾಡಲು ಹತ್ತಿರ ಹತ್ತಿರ ಒಂದು ಯೂನಿಟ್ ವಿದ್ಯುತ್ತು ಬೇಕು. ನಾಲ್ವರಿಗೆ ದಿನಕ್ಕೆ ನಾಲ್ಕು, ತಿಂಗಳಿಗೆ 120. 2023ರ ಆಗಸ್ಟ್‌ನಲ್ಲಿ ಜಾರಿಗೆ ಬಂದ ಗೃಹಜ್ಯೋತಿ ಯೋಜನೆಯಲ್ಲಿ 200 ಯೂನಿಟ್ ಮೀರಿದ ತಿಂಗಳು ಇಡೀ ಬಿಲ್ಲನ್ನೇ ಕಟ್ಟಬೇಕು. ಸ್ನಾನದ ನೀರೊಂದೇ ಅರ್ಧಕ್ಕಿಂತ ಹೆಚ್ಚನ್ನು ನುಂಗಿದರೆ ಉಳಿದ ಮನೆ ಎಷ್ಟರಲ್ಲಿ ನಡೆಯಬೇಕು? ಸುಣ್ಣ ಕಟ್ಟಿದ ಗೀಸರಿನಲ್ಲಿ ಕಾಯಿಲ್ಲಿನ ಶಾಖ ನೀರಿಗೆ ದಾಟಲು ತಡವಾಗಿ, ಕಾಯಿಲ್ಲು ತಾನೇ ಸುಟ್ಟುಹೋಗುತ್ತದೆ. ಒಳಗಿರುವ ಮೆಗ್ನೀಸಿಯಂ ಸರಳು ತಾನು ಸವೆದು ತೊಟ್ಟಿಯನ್ನು ತುಕ್ಕಿನಿಂದ ಕಾಯುತ್ತದೆ. ಅದು ಪೂರ್ತಿ ಸವೆಯುವ ಮುನ್ನ ಬದಲಿಸದಿದ್ದರೆ ಮುಂದಿನ ಸರದಿ ತೊಟ್ಟಿಯದು. ಭೂಸಂಪರ್ಕದ ತಂತಿ ಸರಿಯಿದೆಯೆ, ಒತ್ತಡ ಹೊರಬಿಡುವ ಸುರಕ್ಷಾ ಕೀಲು ತೆರೆಯುತ್ತದೆಯೆ ಎಂದೂ ಅದೇ ದಿನ ನೋಡಿಸಿ.

ಬಾಡಿಗೆ ಮನೆಗಳಲ್ಲಿ ಈ ಖರ್ಚು ಯಾರದೆಂಬ ಜಗಳ ಹಳೆಯದು. ಮಾಲೀಕರು "ಬಳಸುವವರು ನೀವು" ಎನ್ನುತ್ತಾರೆ, ಬಾಡಿಗೆಯವರು "ಸೊತ್ತು ನಿಮ್ಮದು" ಎನ್ನುತ್ತಾರೆ. ಕರಾರು ಬರೆಯುವಾಗಲೇ ಒಂದು ಸಾಲು ಸೇರಿಸಿದರೆ ಮುಗಿಯಿತು. ಇದಕ್ಕಿಂತ ಚಿಂತೆಯ ವಿಷಯ, ಮಕ್ಕಳು ಪರದೇಶ ಸೇರಿ ಇಬ್ಬರೇ ಉಳಿದ ವೃದ್ಧರು ಕೀಲು ತಿರುಗಿಸಲು ಕಬ್ಬಿಣದ ಏಣಿಯಲ್ಲಿ ಟ್ಯಾಂಕಿನವರೆಗೆ ಹತ್ತುವುದು. ಸೋಲಾರಿನ ಮುಖ್ಯ ಕೀಲನ್ನು ನೆಲದ ಮೇಲೆ ನಿಂತೇ ಕೈಗೆಟಕುವಷ್ಟು ಕೆಳಗೆ ಇಳಿಸಿಕೊಡುವುದು ಕೊಳಾಯಿ ಕೆಲಸದವನಿಗೆ ಅರ್ಧ ದಿನದ ಮಾತು. ಊರಿಗೆ ಬಂದ ಮಗ ಉಡುಗೊರೆ ತರುವ ಬದಲು ಇದನ್ನು ಮಾಡಿಸಿಕೊಡಬಹುದು.

ಇನ್ನು ಹಗುರವಾಗಿ ಹೇಳಲಾಗದ ಸಂಗತಿ. ಕರೆಂಟಿನ ಖರ್ಚು ಉಳಿಸಲು ಬಚ್ಚಲುಮನೆಯೊಳಗೇ ಗ್ಯಾಸ್ ಗೀಸರ್ ಕೂರಿಸಿದ ಮನೆಗಳು ಇಂದಿಗೂ ಇವೆ. ಬೆಂಗಳೂರಿನಲ್ಲಿ ಚಳಿಗಾಲ ಬಂತೆಂದರೆ ಸ್ನಾನಕ್ಕೆ ಹೋದವರು ಹೊರಬರಲಿಲ್ಲವೆಂಬ ಸುದ್ದಿಯನ್ನು ಪತ್ರಿಕೆಗಳಲ್ಲಿ ಓದಿದ್ದೇವೆ. ಚಿಕ್ಕ ಕೋಣೆ, ಮುಚ್ಚಿದ ಬಾಗಿಲು, ಚಳಿಗೆಂದು ಮುಚ್ಚಿದ ಕಿಟಕಿ. ಉರಿಯುವ ಅನಿಲವು ಅಲ್ಲಿನ ಆಮ್ಲಜನಕವನ್ನು ಬಳಸಿ ಮುಗಿಸುತ್ತ ಬಂದಂತೆ ದಹನ ಅಪೂರ್ಣವಾಗಿ ಕಾರ್ಬನ್ ಮಾನಾಕ್ಸೈಡ್ ಹುಟ್ಟುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್ ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಮಿಗಿಲಾದ ಆಸಕ್ತಿಯಿಂದ ಅದನ್ನು ಹಿಡಿದುಕೊಳ್ಳುತ್ತದೆ. ತಲೆನೋವು, ವಾಕರಿಕೆ, ಕಾಲಿನಲ್ಲಿ ಬಲವಿಲ್ಲದಂತಾಗುವುದು. ಚಿಲಕ ತೆಗೆಯಬೇಕೆಂಬ ಯೋಚನೆ ಬರುವಷ್ಟರಲ್ಲಿ ಕೈ ಏಳದು. ಇದಕ್ಕೆ ವಾರ್ಷಿಕ ಸರ್ವಿಸು ಸಾಲದು. ಗ್ಯಾಸ್ ಗೀಸರ್ ಬಚ್ಚಲುಮನೆಯ ಹೊರಗೆ, ಗಾಳಿಯಾಡುವ ಕಡೆ ಇರಬೇಕು. ಒಳಗೆ ಬಿಸಿನೀರಿನ ಕೊಳವೆ ಮಾತ್ರ. ಬರ್ನರನ್ನು ಚಳಿಗಾಲಕ್ಕೆ ಮುನ್ನ ಸ್ವಚ್ಛಗೊಳಿಸಿ. ಜ್ವಾಲೆ ನೀಲಿಯಾಗಿರಬೇಕು, ಹಳದಿಗೆ ತಿರುಗಿದರೆ ಅಂದೇ ನಿಲ್ಲಿಸಿ. ಯಾರಾದರೂ ಒಳಗೆ ಓಗೊಡದಿದ್ದರೆ ಬಾಗಿಲು ಒಡೆದು, ಗ್ಯಾಸ್ ಮುಚ್ಚಿ, ಅವರನ್ನು ಬಯಲಿಗೆ ತಂದು 108ಕ್ಕೆ ಕರೆಮಾಡಿ.

ಬಾಣಂತಿಯ ಕೋಣೆಗೆ ಇಡುವ ಕೆಂಡದ ಅಗ್ಗಿಷ್ಟಿಕೆಗೂ ಈ ಮಾತು ಸಲ್ಲುತ್ತದೆ. ಹಳ್ಳಿಯ ಹಂಚಿನ ಮನೆಯಲ್ಲಿ ಹೆಂಚುಗಳ ಸಂದಿಯಿಂದ ಗಾಳಿ ಓಡಾಡುತ್ತಿತ್ತು. ಕಾಂಕ್ರೀಟಿನ ಪೆಟ್ಟಿಗೆಯಂಥ ಕೋಣೆಯಲ್ಲಿ ಕಿಟಕಿಗಳನ್ನೆಲ್ಲ ಮುಚ್ಚಿ ಕೆಂಡವಿಟ್ಟು ತಾಯಿ ಮಗುವನ್ನು ಮಲಗಿಸುವುದು ಆರೈಕೆಯಲ್ಲ. ಸಾಂಬ್ರಾಣಿ ಹಾಕಲೇಬೇಕೆಂದರೆ ಕಿಟಕಿ ತೆರೆದು, ಹಾಕಿ, ಕೆಂಡವನ್ನು ಕೂಡಲೇ ಹೊರಗೊಯ್ಯಿರಿ.

ಬೇಸಿಗೆಯ ಸಿದ್ಧತೆಗೆ ಇಷ್ಟು ಪ್ರಯಾಸವಿಲ್ಲ. ಆದರೆ 'ಉದ್ಯಾನನಗರಿಗೆ ಫ್ಯಾನೇ ಬೇಡ' ಎಂಬ ಹಳೆಯ ಹೆಮ್ಮೆ ಈಗ ನಿಲ್ಲದು. 2016ರ ಏಪ್ರಿಲ್ 24ರಂದು ನಗರದಲ್ಲಿ 39.2 ಡಿಗ್ರಿ ದಾಖಲಾಯಿತು. ಶಿವರಾತ್ರಿಯ ಹೊತ್ತಿಗೆ ಫ್ಯಾನಿನ ರೆಕ್ಕೆಗಳನ್ನು ಒರೆಸಿ. ನಿಧಾನವಾಗಿ ತಿರುಗುವ ಫ್ಯಾನಿಗೆ ಬಹುಮಟ್ಟಿಗೆ ಬೇಕಾದುದು ಹೊಸ ಕೆಪಾಸಿಟರ್ ಅಷ್ಟೆ. ಕೂಲರಿನ ನೀರನ್ನು ವಾರಕ್ಕೊಮ್ಮೆಯಾದರೂ ಪೂರ್ತಿ ಚೆಲ್ಲಿ ತೊಟ್ಟಿಯನ್ನು ಉಜ್ಜಿ ಒಣಗಿಸಬೇಕು. ಡೆಂಗಿ ಹರಡುವ ಸೊಳ್ಳೆ ಇಂಥ ತಿಳಿನೀರಿನಲ್ಲಿಯೇ ಮೊಟ್ಟೆಯಿಡುತ್ತದೆ. 2024ರಲ್ಲಿ ರಾಜ್ಯ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಬೇಕಾಯಿತು.

ಏಸಿ ಇರುವ ಮನೆಗಳಲ್ಲಿ ಒಳಗಿನ ಜಾಲರಿಯನ್ನು ತಿಂಗಳಿಗೆರಡು ಸಲ ಬಿಚ್ಚಿ ನಲ್ಲಿಯ ಕೆಳಗೆ ತೊಳೆದು ನೆರಳಿನಲ್ಲಿ ಒಣಗಿಸಿದರೆ ತಂಪೂ ಉಳಿಯುತ್ತದೆ, ವಿದ್ಯುತ್ತೂ ಉಳಿಯುತ್ತದೆ. 2020ರ ಜನವರಿಯಿಂದ ತಯಾರಾದ ಏಸಿಗಳು ಚಾಲೂ ಮಾಡಿದೊಡನೆ 24 ಡಿಗ್ರಿಗೆ ನಿಲ್ಲುವಂತೆ ನಿಯಮವಿದೆ. ಅದನ್ನು 18ಕ್ಕೆ ಇಳಿಸಿ ಮೇಲೆ ಕಂಬಳಿ ಹೊದ್ದು ಮಲಗುವುದು ಯಾವ ಸುಖವೋ ತಿಳಿಯದು. ಹೊರಗಿನ ಪೆಟ್ಟಿಗೆಯನ್ನು ಕೂರಿಸುವಾಗ ಮಾತ್ರ ನಮ್ಮ ಓಣಿಗಳ ಅಗಲವನ್ನು ನೆನೆದುಕೊಳ್ಳಿ: ಅದು ಉಗುಳುವ ಬಿಸಿಗಾಳಿ ಎದುರುಮನೆಯ ಮಲಗುವ ಕೋಣೆಯ ಕಿಟಕಿಗೆ ನೇರವಾಗಿ ಬೀಳದಂತೆ ಮೂಲೆಯ ಕಡೆಗೆ ತಿರುಗಿಸಿ, ಇಲ್ಲವೆ ತಾರಸಿಗೆ ಏರಿಸಿ.