ತೋಳಿಗೆ ಬಲ, ನಡುವಿಗೆ ಭದ್ರತೆ: ಮನೆಯಲ್ಲೇ 20 ನಿಮಿಷ

ಬೆಳಗಿನ ಐದು ಗಂಟೆ. ಕೆಲಸದ ಹುಡುಗ ಬಂದಿಲ್ಲ, ಇಡ್ಲಿ ಒಲೆಯ ಗ್ಯಾಸ್ ಮುಗಿದಿದೆ. ಮಾಲೀಕರೇ ಸಿಲಿಂಡರಿಗೆ ಕೈ ಹಾಕುತ್ತಾರೆ. ಹೋಟೆಲ್ ನಡೆಸುವವರಿಗೆ ಇದು ಹೊಸತಲ್ಲ. ನಾವೂ ಒಂದು ಮುಂಜಾನೆ ಹಾಗೆಯೇ ಮಾಡಿದೆವು. ಸಿಲಿಂಡರ್ ಒಲೆಯ ಬಳಿಗೆ ಬಂತು. ನಮಗೆ ಮಾತ್ರ ಮೂರು ವಾರ ಗಲ್ಲಾದಲ್ಲಿ ಕೂರಲಾಗಲಿಲ್ಲ.

ತೋಳಿನಲ್ಲಿ ಶಕ್ತಿಯಿದ್ದೂ ಸೊಂಟ ಕೈಕೊಟ್ಟದ್ದೇಕೆ? ವಾಣಿಜ್ಯ ಸಿಲಿಂಡರಿನಲ್ಲಿ ಗ್ಯಾಸೇ 19 ಕಿಲೋ. ಕಬ್ಬಿಣವೂ ಸೇರಿದರೆ 35 ಕಿಲೋ ಆಸುಪಾಸು. ಕೈ ಹಿಡಿದ ಈ ಭಾರ ನೆಲ ಮುಟ್ಟುವುದು ನಡುವಿನ ಮೂಲಕವೇ. ಹೊಟ್ಟೆ, ಪಕ್ಕೆ, ಬೆನ್ನು, ಪೃಷ್ಠದ ಸ್ನಾಯುಗಳು ಪೀಪಾಯಿಯ ಪಟ್ಟಿಗಳಂತೆ ಬೆನ್ನುಮೂಳೆಯನ್ನು ಬಿಗಿಹಿಡಿಯಬೇಕು. ದಿನಕ್ಕೆ ಹತ್ತು ಹನ್ನೆರಡು ಗಂಟೆ ಗಲ್ಲಾದಲ್ಲಿ ಕೂತರೆ ಅವು ಸಡಿಲಾಗುತ್ತವೆ. ಆಗ ತೋಳು ಮಾತ್ರ ಗಟ್ಟಿಯಿದ್ದರೆ, ಸಡಿಲ ಕಂಬದ ಮೇಲೆ ಭಾರದ ತೊಲೆ ಇಟ್ಟಂತೆ. ಆದ್ದರಿಂದ ಎರಡನ್ನೂ ಒಟ್ಟಿಗೇ ಬಲಪಡಿಸಬೇಕು.

ಜಿಮ್ಮಿನ ಸಮಯ ನಮ್ಮ ಉದ್ಯಮಕ್ಕೆ ಹೊಂದುವುದು ಕಷ್ಟ. ಆದರೆ ಮುಂಬಯಿಯ ಒಂದು ಕೋಣೆಯ ಮನೆಯಲ್ಲೂ ಚಾಪೆ ಹಾಸುವಷ್ಟು ಜಾಗವಿರುತ್ತದೆ. ಅಷ್ಟು ಸಾಕು.

1. ದಂಡ: ನಮ್ಮ ಗರಡಿಮನೆಗಳ ಹಳೆಯ ಸಾಧನೆಯ ಸರಳ ರೂಪ. ಮೊದಲು ಗೋಡೆಗೆ ಕೈಯೂರಿ, ಕೆಲವು ವಾರಗಳ ನಂತರ ಅಲುಗಾಡದ ಮೇಜಿಗೆ, ಕೊನೆಗೆ ನೆಲಕ್ಕೆ. ತಲೆಯಿಂದ ಹಿಮ್ಮಡಿಯವರೆಗೆ ಮೈ ನೇರವಾಗಿರಲಿ. 8ರಿಂದ 12 ಸಲ.

2. ಪ್ಲ್ಯಾಂಕ್: ಮೊಣಕೈ ಮತ್ತು ಕಾಲ್ಬೆರಳುಗಳ ಮೇಲೆ ಮೈಯನ್ನು ಹಲಗೆಯಂತೆ 10ರಿಂದ 20 ಸೆಕೆಂಡ್ ನಿಲ್ಲಿಸಿ. ಕಷ್ಟವಾದರೆ ಮಂಡಿಯೂರಿ. ಸೊಂಟ ಜೋತರೆ ಅಲ್ಲಿಗೇ ನಿಲ್ಲಿಸಿ.

3. ಚೀಲ ಎಳೆತ: ಒಂದು ಕೈಯನ್ನು ಕುರ್ಚಿಗೆ ಊರಿ, ಬೆನ್ನು ನೇರವಿಟ್ಟು ಮುಂದೆ ಬಾಗಿ. ಇನ್ನೊಂದು ಕೈಯಲ್ಲಿ ಎರಡು ಲೀಟರ್ ನೀರಿನ ಬಾಟಲಿಯಿರುವ ಚೀಲವನ್ನು ಸೊಂಟದವರೆಗೆ ಎಳೆಯಿರಿ. ಪ್ರತಿ ಕೈಗೆ 10 ಸಲ.

4. ಎದುರು ಕೈಕಾಲು: ಅಂಬೆಗಾಲಿನಲ್ಲಿ ನಿಂತು ಬಲಗೈ, ಎಡಗಾಲನ್ನು ಒಟ್ಟಿಗೆ ಚಾಚಿ ಐದಾರು ಸೆಕೆಂಡ್ ಇರಿ. ನಂತರ ಕೈಕಾಲು ಬದಲಿಸಿ. ಪ್ರತಿ ಬದಿಗೆ 6 ಸಲ.

ಇದೇ ಕ್ರಮದಲ್ಲಿ ಮಾಡಿದರೆ ತೋಳು ದಣಿದಾಗ ನಡುವಿಗೆ ಕೆಲಸ, ನಡು ದಣಿದಾಗ ತೋಳಿಗೆ. ಮೂರು ಸುತ್ತು ಮಾಡಿದರೆ 20 ನಿಮಿಷ. ವಾರಕ್ಕೆ ಕನಿಷ್ಠ ಎರಡು ದಿನ ಸ್ನಾಯುಬಲದ ವ್ಯಾಯಾಮ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2020ರ ಮಾರ್ಗಸೂಚಿಯಲ್ಲಿ ಹೇಳಿದೆ. ನಾವು ಮೂರು ದಿನ ಮಾಡುತ್ತೇವೆ.

ಸಮಯದ ಬಗ್ಗೆ ಒಂದು ಮಾತು. ರಾತ್ರಿ ಮಲಗಿದಾಗ ಬೆನ್ನಿನ ಡಿಸ್ಕುಗಳು ನೀರು ಹೀರಿ ಉಬ್ಬಿರುತ್ತವೆ. ಎದ್ದ ಮೊದಲ ಒಂದು ಗಂಟೆ ಬಗ್ಗಿ ಭಾರ ಎತ್ತುವುದು ಅಪಾಯ. ನಾವು ಮೂಟೆ, ಸಿಲಿಂಡರ್ ಎತ್ತುವುದು ಸರಿಯಾಗಿ ಅದೇ ಹೊತ್ತಿನಲ್ಲಿ! ಆ ಕೆಲಸವನ್ನು ಹಿಂದಿನ ರಾತ್ರಿಯೇ ಮುಗಿಸಿ, ಇಲ್ಲವೇ ಇಬ್ಬರು ಸೇರಿ ಎತ್ತಿ. ವ್ಯಾಯಾಮಕ್ಕೆ ಮಧ್ಯಾಹ್ನದ ಬಿಡುವು ಒಳ್ಳೆಯದು, ಆದರೆ ಊಟಕ್ಕೆ ಮೊದಲು.

ಉಸಿರು ಕಟ್ಟಬೇಡಿ, ರಕ್ತದೊತ್ತಡ ಏರುತ್ತದೆ. ಬಿ.ಪಿ., ಸಕ್ಕರೆ ಕಾಯಿಲೆ, ಹೃದಯದ ತೊಂದರೆ ಇರುವವರು ಮೊದಲು ವೈದ್ಯರನ್ನು ಕೇಳಿ. ನೋವು ಕಾಲಿಗೆ ಇಳಿದರೆ, ಜೋಮು ಹಿಡಿದರೆ ನಿಲ್ಲಿಸಿ ತೋರಿಸಿಕೊಳ್ಳಿ.

ಕೊನೆಯದಾಗಿ, ಮಾಲೀಕರು ಮಾತ್ರ ಗಟ್ಟಿಯಾದರೆ ಸಾಲದು. ದಿನವಿಡೀ ಮೂಟೆ ಹೊರುವ, ಪಾತ್ರೆ ಇಳಿಸುವ ನಮ್ಮ ಹುಡುಗರಿಗೂ ಇದನ್ನು ಕಲಿಸೋಣ. ಗ್ರೈಂಡರ್ ಕೆಟ್ಟರೆ ಬೇರೆ ತರಬಹುದು. ಸೊಂಟ ತರಲಾಗದು.